ಖಾಲಿಯಾಗದ ಸೀಸೆ

ಕಣ್ಣಿನ ಡಾಕ್ಟರು ಹನಿ ಔಷಧಿಯ ಪುಟ್ಟ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಇನ್ನೂ ಅರ್ಧ ಇತ್ತು. ಎದುರಿನ ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಬಲಗಣ್ಣಿನ ಒತ್ತಡ ಮತ್ತೆ ಏರಿತ್ತು. ಆ ಕಣ್ಣಿನ ಪಕ್ಕದ ನೋಟ ಒಂದಿಷ್ಟು ಹೋಗಿಯೂ ಆಗಿತ್ತು. ಹೋದ ನೋಟ ಮರಳಿ ಬರುವುದಿಲ್ಲ, ಇರುವುದಾದರೂ ಉಳಿಯಬೇಕಾದರೆ ದಿನವೂ ಹನಿ ಬೀಳಲೇಬೇಕು ಎಂದು ಅವರು ಹೋದ ಸಲವೇ ಹೇಳಿದ್ದರು.

“ಇದು ಯಾವತ್ತೋ ಮುಗಿದು ಹೊಸದು ತಗೋಬೇಕಿತ್ತಲ್ಲಮ್ಮ. ಹಾಕ್ಕೊಳ್ತಾ ಇದ್ದೀರೋ ಇಲ್ವೋ?”

“ಮರೆತುಹೋಗುತ್ತೆ ಡಾಕ್ಟ್ರೇ. ವಯಸ್ಸಾಯ್ತಲ್ಲ,” ಎಂದರು ಅತ್ತೆ.

ಹಿಂದೆ ನಿಂತಿದ್ದ ಸೊಸೆ ಸೀಸೆಯತ್ತ ನೋಡಿದಳು. ಅತ್ತೆಗೆ ಮರೆವು ಎಂದರೆ ಯಾರು ನಂಬಬೇಕು? ತಮ್ಮ ಮದುವೆಯಲ್ಲಿ ಯಾರು ಯಾರು ಮುಖ ಊದಿಸಿಕೊಂಡು ಕೂತಿದ್ದರು ಎಂಬುದನ್ನು ಇವತ್ತಿಗೂ ಹೆಸರು ಹಿಡಿದು ಹೇಳುವ ಹೆಂಗಸು. ಅದಿರಲಿ, ಆ ಸೀಸೆಯಿಂದ ದಿನವೂ ಕದಿಯುತ್ತಿದ್ದವಳು ತಾನು. ಇಬ್ಬರು ಬಳಸಿದರೂ ಖಾಲಿಯಾಗುತ್ತಿಲ್ಲವಲ್ಲ, ನನ್ನ ಪುಣ್ಯ ಎಂದುಕೊಂಡು ಸುಮ್ಮನಿದ್ದವಳು.

ಅದು ಶುರುವಾದದ್ದು ತಮಾಷೆಯಲ್ಲಿ. ಅತ್ತೆಗೆ ಹನಿ ಬೀಳುತ್ತಿದ್ದದ್ದು ಬಲಗಣ್ಣಿಗೆ ಮಾತ್ರ. ಕೆಲವು ತಿಂಗಳಲ್ಲಿ ಆ ಕಣ್ಣಿನ ರೆಪ್ಪೆಗೂದಲು ಗೊಂಬೆಯ ಕಣ್ಣಿನದರಂತೆ ಉದ್ದಕ್ಕೆ, ಕಪ್ಪಗೆ ಬೆಳೆದುಬಿಟ್ಟಿತು. ಆ ಔಷಧಿಯ ಗುಣವೇ ಹಾಗೆ ಎಂದು ಡಾಕ್ಟರು ನಕ್ಕಿದ್ದರು. ಈ ವಯಸ್ಸಿನಲ್ಲಿ ಯಾರಿಗೆ ಕಣ್ಣು ಹೊಡೆಯಲಿ ಎಂದು ಅತ್ತೆಯೂ ನಕ್ಕಿದ್ದರು. ನಗದೆ ಕೇಳಿಸಿಕೊಂಡವಳು ಸೊಸೆ ಒಬ್ಬಳೇ. ದೊಡ್ಡ ಕಾಯಿಲೆಯ ಚಿಕಿತ್ಸೆಯಲ್ಲಿ ಅವಳ ತಲೆಗೂದಲು, ಹುಬ್ಬು, ರೆಪ್ಪೆಗೂದಲು ಎಲ್ಲ ಉದುರಿತ್ತು. ವಾಸಿಯಾಗಿ ಬಟ್ಟೆ ಅಂಗಡಿಯ ಕೆಲಸಕ್ಕೆ ಮರಳಿದ ದಿನವೇ ಗಿರಾಕಿಯೊಬ್ಬರ ಮಗು, ಈ ಆಂಟಿಯ ಕಣ್ಣು ಮೀನಿನ ಹಾಗಿದೆ ಎಂದಿತ್ತು. ತಲೆಗೆ ಬಟ್ಟೆ ಕಟ್ಟಿಕೊಳ್ಳಬಹುದು, ಹುಬ್ಬು ಬರೆದುಕೊಳ್ಳಬಹುದು, ಇದಕ್ಕೇನು ಮಾಡುವುದು? ಮನೆಗೆ ಬಂದವಳೇ ಕನ್ನಡಿಯನ್ನು ಗೋಡೆಗೆ ಮುಖಮಾಡಿ ಇಟ್ಟುಬಿಟ್ಟಿದ್ದಳು. ಅತ್ತೆ ಸೊಸೆಗೆ ಒಂದೇ ಬಾಚಣಿಗೆ, ಹೊರಗೆ ಹೋಗಲು ಒಂದೇ ಒಳ್ಳೆಯ ಚಪ್ಪಲಿ, ಸೂಜಿಗೆ ದಾರ ಪೋಣಿಸಲು ಒಂದೇ ಕನ್ನಡಕ ಇದ್ದ ಮನೆ ಅದು. ಅಲ್ಲಿ ಕಣ್ಣಿನ ಹನಿಯೂ ಇಬ್ಬರದಾದರೆ ದೊಡ್ಡ ತಪ್ಪೆಂದು ಅವಳಿಗೆ ಅನ್ನಿಸಿರಲಿಲ್ಲ. ಬಾಯಿಬಿಟ್ಟು ಕೇಳಲು ನಾಚಿಕೆಯಾಗಿತ್ತು, ಅಷ್ಟೆ.

“ನಿಮ್ಮ ಕಣ್ಣು ಯಾಕೆ ಇಷ್ಟು ಕೆಂಪಗಿದೆ?” ಡಾಕ್ಟರು ಈಗ ಅವಳ ಕಡೆ ನೋಡುತ್ತಿದ್ದರು.

“ಅಂಗಡೀಲಿ ಧೂಳು,” ಅತ್ತೆಯೇ ಥಟ್ಟನೆ ಉತ್ತರಿಸಿದರು.

ಅವರಿಗೆ ಗೊತ್ತಿದೆ ಎಂದು ಸೊಸೆಗೆ ಆಗ ಹೊಳೆಯಿತು. ಬಗ್ಗಿ ಅವರ ಮುಖ ನೋಡಿದಳು. ಬಲಗಣ್ಣಿನ ಆ ಗೊಂಬೆ ರೆಪ್ಪೆ ಎಲ್ಲಿದೆ? ಎಡಗಣ್ಣಿನದರಷ್ಟೇ ಗಿಡ್ಡ, ಅಷ್ಟೇ ವಿರಳ. ದಿನಾ ಬೆಳಿಗ್ಗೆ ಕನ್ನಡಿಗೆ ಮೂಗು ತಾಗಿಸಿ ತನ್ನ ರೆಪ್ಪೆ ಹುಡುಕುತ್ತಿದ್ದವಳು, ಅತ್ತೆಯ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

“ಧೂಳಲ್ಲ ಡಾಕ್ಟ್ರೇ. ಆ ಹನಿ ನಾನು ಹಚ್ಕೋತಿದ್ದೆ. ನಂಗೆ ಸಾಲ್ದೆ ಹೋಗುತ್ತೆ ಅಂತ ಇವರು ಹಾಕ್ಕೊಳ್ಳೋದನ್ನೇ ಬಿಟ್ಟಿದ್ದಾರೆ.”

ಡಾಕ್ಟರು ಬೈಯಲಿಲ್ಲ. ಸೀಸೆಯನ್ನು ಕಸದ ಬುಟ್ಟಿಗೆ ಹಾಕಿ, ಅವಳನ್ನೂ ಅದೇ ಕುರ್ಚಿಯಲ್ಲಿ ಕೂರಿಸಿ ರೆಪ್ಪೆ ಮಡಚಿ ನೋಡಿದರು. ಹನಿಯನ್ನು ಬೆರಳಿನಿಂದ ರೆಪ್ಪೆಯ ಮೇಲೂ ಕೆಳಗೂ ಸವರಿಕೊಂಡು ಅವಳು ಎರಡು ಕಣ್ಣಿಗೂ ಉರಿ ಹತ್ತಿಸಿಕೊಂಡಿದ್ದಳು. ಒಬ್ಬರ ಸೀಸೆ ಇನ್ನೊಬ್ಬರ ಕಣ್ಣಿಗೆ ಯಾವತ್ತೂ ತಾಗಬಾರದು, ಒಬ್ಬರ ಸೋಂಕು ಇಬ್ಬರಿಗೂ ಆಗುತ್ತದೆ ಎಂದರು. ರೆಪ್ಪೆಗೂದಲಿಗೆಂದೇ ಕೊಡುವ ಔಷಧಿ ಬೇರೆ ಇದೆಯಂತೆ. ಅದನ್ನೂ ಕಣ್ಣು ಪರೀಕ್ಷಿಸಿಯೇ ಕೊಡುವುದು. ಮುಖ ತೊಳೆದು ಮೇಲಿನ ರೆಪ್ಪೆಯ ಅಂಚಿಗೆ ಮಾತ್ರ, ಒಂದೊಂದು ಕಣ್ಣಿಗೂ ಹೊಸ ಬ್ರಷ್‌ನಲ್ಲಿ ತೆಳುವಾಗಿ ಎಳೆದು, ಹೆಚ್ಚಾದದ್ದನ್ನು ಒರೆಸಿಬಿಡಬೇಕು. ಉರಿ, ಕೆಂಪು ಕಂಡರೆ ನಿಲ್ಲಿಸಿ ಬರಬೇಕು. ಕೆಲವರಿಗೆ ಕಣ್ಣಿನ ಬಣ್ಣವೇ ಕಪ್ಪಾಗಿ ಹಾಗೆಯೇ ಉಳಿದುಬಿಡುವುದುಂಟು. ಸದ್ಯಕ್ಕೆ ಏನೂ ಬೇಡ, ಕೆಂಪು ಇಳಿಯಲಿ. ದೊಡ್ಡ ಕಾಯಿಲೆಯ ಚಿಕಿತ್ಸೆ ಮುಗಿದ ಮೇಲೆ ರೆಪ್ಪೆಗೂದಲು ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ, ಬರದಿದ್ದರೆ ನೋಡೋಣ ಎಂದು ಅತ್ತೆಗೆ ಹೊಸ ಸೀಸೆ ಬರೆದುಕೊಟ್ಟರು.

ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು.

“ನಿಮಗೆ ಹೇಗೆ ಗೊತ್ತಾಯ್ತು?”

“ನೀನು ಮುಚ್ಚಳ ಬಿಗಿಯಾಗಿ ತಿರುಗಿಸ್ತೀಯ. ನನ್ನ ಕೈಲಿ ಬಿಚ್ಚೋಕೇ ಆಗ್ತಿರಲಿಲ್ಲ. ಆಮೇಲೆ ನೋಡಿದ್ರೆ ಕನ್ನಡಿ ನೆಟ್ಟಗೆ ತಿರುಗಿತ್ತು. ಇರಲಿ ಅಂತ ಸುಮ್ಮನಾದೆ.”

“ಕಣ್ಣು ಹೋಗುತ್ತೆ ಅಂತ ಗೊತ್ತಿದ್ದೂ?”

“ನಾನು ನೋಡೋದೆಲ್ಲ ನೋಡಿ ಆಯ್ತು. ನೀನು ನಾಲ್ಕು ಜನರ ಮುಂದೆ ನಿಲ್ಲೋಳು.”

ಸೊಸೆಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. “ಚೆನ್ನಾಗಿದೆ ನಿಮ್ಮ ಲೆಕ್ಕ. ನಾಳೆ ನನ್ನ ರೆಪ್ಪೆ ಬಂದ್ರೆ, ಹೇಗಿದೆ ಅಂತ ಯಾರನ್ನ ಕೇಳಲಿ ಅತ್ತೆ?”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು, ಸರಸರನೆ ಹೊರಟರು. ಆಸ್ಪತ್ರೆಯ ಬಾಗಿಲ ಚೌಕಟ್ಟು ಬಲಭುಜಕ್ಕೆ ಧಡ್ಡೆಂದು ಬಡಿಯಿತು.

“ಬರುವಾಗ ಈ ಬಾಗಿಲು ಇಷ್ಟು ಈಚೆಗಿರಲಿಲ್ಲ,” ಎಂದು ನಗಲು ನೋಡಿದರು.

ಸೊಸೆ ನಗಲಿಲ್ಲ. ಬರುವಾಗ ದಾರಿಯುದ್ದಕ್ಕೂ ಅತ್ತೆಯ ಎಡಗಡೆ ನಡೆದಿದ್ದವಳು, ಈಗ ಸುತ್ತಿ ಬಂದು ಅವರ ಬಲಗೈ ಹಿಡಿದಳು.