ಮಗಳ ಹೆಸರಿನ ಬಾಟಲಿ

ಹಲ್ಲಿನ ಡಾಕ್ಟರು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸನ್ನು ತರುವವರ ಹಾಗೆ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದರು. ಊಟದ ಮೇಜಿನ ಬಳಿ ನಿಂತಿದ್ದ ಅವರ ಹೆಂಡತಿ, ಮುಗಿಯಿತು ನನ್ನ ಕಥೆ, ಅಂದುಕೊಂಡಳು.

ಮೇಜಿನ ಆಚೆ ಕುಳಿತಿದ್ದವರು ಬೀಗರಾಗಲಿರುವವರು, ಮಗಳು ಮೆಚ್ಚಿದ ಹುಡುಗನ ತಂದೆ. ದೊಡ್ಡ ಮೂಗಿನ ಮನುಷ್ಯ. ಒಂದು ಗುಟುಕು ವೈನ್ ನಾಲಿಗೆಗೆ ಬಿದ್ದರೆ ಸಾಕಂತೆ, ಯಾವ ತೋಟದ್ದು, ಯಾವ ವರ್ಷದ್ದು ಎಂದು ಹೇಳಿಬಿಡುತ್ತಾರಂತೆ. ಹಾಗಂತ ಅವರೇ ಹೇಳಿದ್ದು.

ಬಾಟಲಿ ಫ್ರಾನ್ಸಿನ ಬರ್ಗಂಡಿಯ ಕೆಂಪು ವೈನಿನದು. ಮಗಳು ಹುಟ್ಟಿದ ದಿನ ಡಾಕ್ಟರು ಕೊಂಡು ತಂದು, ಅವಳ ಮದುವೆ ನಿಶ್ಚಯವಾದಾಗ ತೆಗೆಯುವುದೆಂದು ನೆಲಮಾಳಿಗೆಯಲ್ಲಿ ಮಲಗಿಸಿಟ್ಟದ್ದು. ಅಂದಿನಿಂದ ಅದಕ್ಕೆ ಬೆಳಕು ಬೀಳಬಾರದು, ಸೆಖೆ ತಾಗಬಾರದು, ಹತ್ತಿರ ಯಾರೂ ದಪದಪ ನಡೆಯಬಾರದು. ನೆಂಟರು ನೋಡಬೇಕೆಂದರೂ ಬಾಗಿಲಿನಿಂದಲೇ ನೋಡಿ ಹೋಗಬೇಕು. "ಮಗಳನ್ನಾದ್ರೂ ಒಂದೆರಡು ಸಲ ಬೈದಿದ್ದಾರೆ. ಆ ಬಾಟ್ಲಿಗೆ ಮಾತ್ರ ಒಂದು ಮಾತು ಅಂದಿಲ್ಲ" ಎಂದು ಹೆಂಡತಿ ಎಲ್ಲರೆದುರೂ ಹಂಗಿಸುತ್ತಿದ್ದಳು.

ಹಂಗಿಸಿದ ಆ ಬಾಯಿ ಈಗ ಒಣಗಿತ್ತು.

ಹೋದ ತಿಂಗಳು ಮಾಂಸ ಬೇಯಿಸಲು ವೈನ್ ಬೇಕಾಯಿತು. ನೆಲಮಾಳಿಗೆಯ ದೀಪ ಕೆಟ್ಟಿತ್ತು. ತಡಕಾಡಿದಾಗ ಸಿಕ್ಕ ಬಾಟಲಿಗೆ ಹೆಸರಿನ ಚೀಟಿಯೇ ಇರಲಿಲ್ಲ. ಅಡುಗೆಗೆಂದು ಇಟ್ಟದ್ದೇ ಇರಬೇಕೆಂದು ಎತ್ತಿಕೊಂಡು ಬಂದಳು. ಬಾಯಿಯ ಮೇಣ ಕೆರೆದಳು. ಬಿರಡೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಕೊನೆಯ ಹನಿಯವರೆಗೂ ಪಾತ್ರೆಗೆ ಬಗ್ಗಿಸಿದಳು. ಸಾರು ಎಷ್ಟು ಹುಳಿಯಾಯಿತೆಂದರೆ, ಸಕ್ಕರೆ ಹಾಕಿ ಹದಕ್ಕೆ ತರಬೇಕಾಯಿತು. ಡಾಕ್ಟರು ಬೆರಳು ಚೀಪಿಕೊಂಡು ತಿಂದರು.

ಮರುದಿನ ನೆಲಮಾಳಿಗೆ ಗುಡಿಸುವಾಗ ಆ ಚೀಟಿ ಪೊರಕೆಗೆ ಸಿಕ್ಕಿತು. ತೇವಕ್ಕೆ ಕಳಚಿ ಬಿದ್ದಿತ್ತು. ಹಿಂಬದಿಯಲ್ಲಿ ಒಣಗಿದ ಮೈದಾ ಅಂಟಿನ ಚಕ್ಕೆಗಳು. ಮುಂಬದಿಯಲ್ಲಿ ಗಂಡ ಹಗಲಿರುಳು ಜಪಿಸುತ್ತಿದ್ದ ಆ ತೋಟದ ಹೆಸರು!

ಬೈದರೆ ಬೈಯಲಿ, ಬೈಗುಳಕ್ಕೆ ಅವಳು ಹೆದರುವವಳಲ್ಲ. ಆದರೆ ಮನುಷ್ಯ ಕುಸಿದುಹೋಗುತ್ತಾನೆ. ಮಗಳಿಗೆಂದು ಇಷ್ಟು ವರ್ಷ ಕಾಪಾಡಿದ್ದನ್ನು ಸಾರಿಗೆ ಸುರಿದೆ ಎಂದು ಯಾವ ಬಾಯಲ್ಲಿ ಹೇಳುವುದು? ನೇರ ಪೇಟೆಗೆ ಓಡಿದಳು. "ಬರ್ಗಂಡಿದೇ ಆಗ್ಬೇಕು, ಕೆಂಪು, ಒಳ್ಳೇದು ಕೊಡಿ" ಎಂದು ಕೇಳಿ ತಂದದ್ದನ್ನು ಹಳೆಯ ಬಾಟಲಿಗೆ ತುಂಬಿದಳು. ಬಿರಡೆಯನ್ನು ಲಟ್ಟಣಿಗೆಯಿಂದ ಬಡಿದು ಕೂರಿಸಿದಳು. ಮೇಣ ಕರಗಿಸಿ ಸುರಿದಳು. ಚೀಟಿಗೆ ತಾನೂ ಮೈದಾ ಅಂಟನ್ನೇ ಸವರಿ, ಅಂಟಿಸಿ, ಇದ್ದಲ್ಲೇ ಮಲಗಿಸಿದಳು.

ಬೀಗರು ಊಟಕ್ಕೆ ಬರುತ್ತಾರೆಂದಾಗ, ಆಶ್ಚರ್ಯ, ಡಾಕ್ಟರೇ ರಾಗ ಎಳೆದಿದ್ದರು. "ಅದು ಇನ್ನೂ ಸ್ವಲ್ಪ ವರ್ಷ ಮಲಗಿರ್ಲಿ ಕಣೇ. ಮೊಮ್ಮಗು ಹುಟ್ಟಿದಾಗ ತೆಗೆಯೋಣ."

"ಹೌದು ರೀ, ಅವಸರ ಏನಿದೆ ಈಗ?"

ಗಂಡ ಹೆಂಡತಿ ಹೀಗೆ ಒಂದೇ ಮಾತಿಗೆ ಒಪ್ಪಿದ್ದು ಮದುವೆಯಾದ ಮೇಲೆ ಅದೇ ಮೊದಲು. ಆದರೆ ಮಗಳು ಬಿಡಬೇಕಲ್ಲ! "ನನ್ನ ಬಾಟ್ಲಿ ತಾನೇ ಅಪ್ಪ? ಇವತ್ತೇ ತೆಗೀಬೇಕು" ಎಂದು ಹಟ ಹಿಡಿದಳು.

ಡಾಕ್ಟರು ಎಲ್ಲರಿಗೂ ಬೆನ್ನು ಮಾಡಿ ಬಿರಡೆಗೆ ತಿರುಪು ಇಳಿಸಿದರು.

"ಹುಷಾರು ಡಾಕ್ಟ್ರೇ," ಬೀಗರು ಕೂತಲ್ಲಿಂದಲೇ ಕೂಗಿದರು. "ಇಷ್ಟು ಹಳೇ ಬಿರಡೆ ಹುಳುಕು ಹಲ್ಲಿನ ಹಾಗೆ. ಎಳೆದ್ರೆ ಪುಡಿಪುಡಿ. ತಳದಲ್ಲಿ ಗಸಿ ಬೇರೆ ಕೂತಿರುತ್ತೆ, ಅಲುಗಾಡಿಸ್ಬೇಡಿ."

ಪಕ್ಕನೆ, ಒಂದೇ ಎಳೆತಕ್ಕೆ, ಬಿರಡೆ ಇಡಿಯಾಗಿ ಬಂತು. ಡಾಕ್ಟರು ಅದನ್ನು ಯಾರಿಗೂ ತೋರಿಸದೆ ಜೇಬಿಗೆ ಸೇರಿಸಿ, "ಹಲ್ಲು ಕೀಳೋ ಕೈ ಅಲ್ವಾ!" ಎಂದು ಪೆಚ್ಚಾಗಿ ನಕ್ಕರು. ಹೆಂಡತಿ ಮನಸ್ಸಿನಲ್ಲೇ ಅಂದುಕೊಂಡಳು: ಗೊತ್ತಾಗಿಹೋಗಿದೆ. ಬೀಗರ ಮುಂದೆ ನನ್ನ ಮಾನ ಕಾಯುತ್ತಿದ್ದಾರೆ, ಪುಣ್ಯಾತ್ಮ.

ಬೀಗರು ಲೋಟ ತಿರುಗಿಸಿದರು. ಮೂಗನ್ನು ಪೂರ್ತಿ ಒಳಗಿಳಿಸಿದರು. ಗುಟುಕನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸಾಗಿಸಿ, ಕಣ್ಣು ಮುಚ್ಚಿ ಕೂತುಬಿಟ್ಟರು. ಹೆಂಡತಿ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಬ್ಬಬ್ಬಾ!" ಎಂದರು ಕೊನೆಗೆ. "ಇಷ್ಟು ವರ್ಷ ಆದ್ರೂ ಇದಕ್ಕೆ ವಯಸ್ಸೇ ಆಗಿಲ್ವಲ್ರೀ! ನಿನ್ನೆ ಮೊನ್ನೆ ತುಂಬಿದ ಹಾಗಿದೆ. ಗಸಿ ಅನ್ನೋದೇ ಇಲ್ಲ. ವೈನ್ ಸಾಕೋದು ಅಂದ್ರೆ ಇದು ಕಣ್ರೀ."

ಡಾಕ್ಟರು ತಮ್ಮ ಲೋಟದಿಂದ ಒಂದು ಗುಟುಕು ಕುಡಿದು ಬೆಚ್ಚಿಬಿದ್ದರು. ಮತ್ತೊಂದು ಕುಡಿದರು. ಕಣ್ಣಲ್ಲಿ ನೀರು ತುಂಬಿತು.

ಬೀಗರನ್ನು ಕಳಿಸಿ ಬಂದವರೇ ಅಡುಗೆಮನೆಯ ಬಾಗಿಲು ಹಾಕಿಕೊಂಡರು. "ಒಂದು ವಿಷಯ ಹೇಳ್ಬೇಕು ಕಣೇ. ಅದು ಆ ವೈನ್ ಅಲ್ಲ."

"ತಪ್ಪಾಯ್ತು ರೀ..." ಎನ್ನಲು ಅವಳು ಬಾಯಿ ತೆರೆದಳು. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಮಗಳು ಹುಟ್ಟಿದ ದಿನ ನೀನು ಆಸ್ಪತ್ರೇಲಿದ್ದೆ. ನಂಗೆ ಖುಷಿ ತಡ್ಕೊಳ್ಳೋಕೇ ಆಗ್ಲಿಲ್ಲ. ಮಾಳಿಗೆ ಮೆಟ್ಟಿಲ ಮೇಲೆ ಒಬ್ನೇ ಕೂತು ಅಷ್ಟನ್ನೂ ಕುಡ್ದುಬಿಟ್ಟೆ. ಆಮೇಲೆ ಮೂಲೆ ಅಂಗಡಿಯ ಅಗ್ಗದ ವೈನ್ ತುಂಬಿ, ಮೇಣ ಬಳಿದು, ತೊಳೆಯುವಾಗ ಕಳಚಿದ ಚೀಟೀನ ಮೈದಾದಲ್ಲಿ ಅಂಟಿಸಿಟ್ಟೆ. ಇಷ್ಟು ವರ್ಷ ಹೆದ್ರಿ ಸತ್ತಿದ್ದೀನಿ ಕಣೇ."

ಅವಳಿಗೆ ಸಾರಿಗೆ ಹಾಕಿದ ಸಕ್ಕರೆ ನೆನಪಾಯಿತು.

"ಆದ್ರೆ ಇವತ್ತು ನೋಡಿದ್ಯಾ? ಮೂಲೆ ಅಂಗಡಿ ವೈನು ಏನಾಗಿದೆ! ಕತ್ತಲೆ, ತಂಪು, ತಾಳ್ಮೆ! ಇನ್ಮೇಲೆ ನನ್ನ ಮಾಳಿಗೇನ ಹಂಗಿಸ್ಬೇಡ. ನಾಳೆಯೇ ಅದೇ ಅಂಗಡಿಯಿಂದ ಒಂದು ಪೆಟ್ಟಿಗೆ ತಂದು ಮೊಮ್ಮಗುವಿನ ಹೆಸರಲ್ಲಿ ಮಲಗಿಸ್ತೀನಿ!"

ಹೆಂಡತಿ ಗಂಡನ ಬೆಳಗುವ ಮುಖ ನೋಡಿದಳು. "ಮಲಗ್ಸಿ ರೀ" ಎಂದು, ಅಂದು ಬಿರಡೆ ಬಡಿದ ಲಟ್ಟಣಿಗೆಯನ್ನು ಒರೆಸಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡಳು.