ಕೊನೆಯ ಸುತ್ತಿನ ಹಾಡು

ಕಿವಿಯಲ್ಲಿ ಒಂದು ನಿರ್ದಿಷ್ಟ ಹಾಡು ಕುಣಿಯದಿದ್ದರೆ ನನ್ನ ಕಾಲು ಏಳುವುದಿಲ್ಲ. ನಾಲ್ಕು ಸುತ್ತಿನ ಓಟದ ದಿನ ಪಿ.ಟಿ. ಮೇಷ್ಟ್ರು ಇಯರ್‌ಫೋನ್ ಕಿತ್ತುಕೊಂಡರು.

"ಕಾಲಲ್ಲಿ ಓಡ್ತೀಯೋ, ಕಿವೀಲಿ ಓಡ್ತೀಯೋ?"

ಗೆದ್ದವನಿಗೆ ಮಾತ್ರ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ. ಮೈದಾನದ ಮೈಕ್ ನೋಡಿಕೊಳ್ಳುತ್ತಿದ್ದ ರೂಮ್‌ಮೇಟ್ ಕೊಟ್ರೇಶನ ಕೈಕಾಲು ಹಿಡಿದೆ.

"ಕೊನೇ ಸುತ್ತಿಗೆ ನನ್ನ ಹಾಡು ಹಾಕೋ."

"ಎಲ್ಲರಿಗೂ ಕೇಳುತ್ತಲ್ಲಲೇ."

"ಕೇಳ್ಲಿ ಬಿಡು. ಅವರಿಗೆ ಅದು ಬರೀ ಹಾಡು. ನನಗೆ ಪೆಟ್ರೋಲು."

ಮೂರು ಸುತ್ತು ಹಾಡಿಲ್ಲದೆಯೇ ಎಲ್ಲರಿಗಿಂತ ಮುಂದಿದ್ದೆ. ಹೇಗೆಂದು ಯೋಚಿಸುವ ಬುದ್ಧಿ ನನಗಿರಲಿಲ್ಲ. ಕೊನೆಯ ಸುತ್ತು ಶುರುವಾಗುತ್ತಿದ್ದಂತೆ ಧ್ವನಿವರ್ಧಕದಲ್ಲಿ ಹಾಡು ಮೊಳಗಿತು. ನಾನು ಎದೆಯುಬ್ಬಿಸಿ ಓಡಿದೆ. ಬೆನ್ನ ಹಿಂದೆ ಬೂಟುಗಳ ಸದ್ದು ತಾಳಕ್ಕೆ ಸರಿಯಾಗಿ ಹತ್ತಿರವಾಯಿತು. ಒಬ್ಬೊಬ್ಬರಾಗಿ ಐದು ಜನ ನನ್ನನ್ನು ದಾಟಿ ಹೋದರು.

ಹುಲ್ಲಿನ ಮೇಲೆ ಬಿದ್ದುಕೊಂಡಿದ್ದೆ. ಗೆದ್ದ ಹುಡುಗ ಕೊರಳಲ್ಲಿ ಪದಕ ಹಾಕಿಕೊಂಡೇ ಪಕ್ಕದಲ್ಲಿ ಬಂದು ಕೂತ.

"ಅಣ್ಣಾ, ಮೂರನೇ ಸುತ್ತಿಗೇ ಬಿಟ್ಟುಬಿಡೋಣ ಅಂತಿದ್ದೆ. ಆ ಹಾಡು ಹಾಕಿಸಿದ ಪುಣ್ಯಾತ್ಮ ಯಾರು ಅಂತ ಗೊತ್ತಾ?"