ಎರಡನೆಯ ಕಂಪ್ಯೂಟರ್

ತೀರಿಹೋದವರೊಬ್ಬರ ದನಿಯನ್ನು, ಮಾತಿಗೆ ಮಾತು ಕೊಡುವಂತೆ, ಎರಡೇ ಕಂಪ್ಯೂಟರುಗಳಲ್ಲಿ ಇಟ್ಟುಕೊಳ್ಳಲು ಲೈಸೆನ್ಸ್ ಸಿಗುತ್ತಿತ್ತು. ಗದುಗಿನ ನೀಲಮ್ಮ ಟೀಚರ್ ತನ್ನ ಗಂಡ ಬಸವಂತಪ್ಪನನ್ನು ಅಡುಗೆಮನೆಯ ಹಳೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಳು. ಪಡಸಾಲೆಗೆಂದು ಹೊಸದನ್ನು ಕೊಂಡು ಅದರಲ್ಲೂ ಅವನನ್ನು ಹಾಕಹೋದರೆ, ಮಿತಿ ಮುಗಿದಿದೆ ಎಂದು ಬಂತು.

ಕಂಪನಿಗೆ ಫೋನ್ ಮಾಡಿದಳು.

"ಇನ್ನೊಂದು ಇಳಕಲ್ಲಿನಾಗ ಕಮಲಾಕ್ಷಿ ಅನ್ನೋರ ಮನ್ಯಾಗ ಚಾಲೂ ಐತ್ರಿ. ನಿಮ್ಮ ಯಜಮಾನ್ರು ಇದ್ದಾಗ್ಲೇ ಬರಿಸ್ಯಾರ. ವಾರಸುದಾರ್ರು ನೀವು, ಬೇಕಂದ್ರ ತೆಗಸ್ತೀವಿ," ಎಂದಳು ಅಲ್ಲಿನ ಹುಡುಗಿ.

ಲೈಸೆನ್ಸಿನ ಕಾಗದದಲ್ಲಿ ಕಮಲಾಕ್ಷಿಯ ನಂಬರೂ ಇತ್ತು. ನೀಲಮ್ಮ ಅದನ್ನು ಒತ್ತಿದಳು.

"ಯಾರ್ರಿ?" ಎಂದಿತು ಹೆಣ್ಣು ದನಿ. ಅದರ ಹಿಂದೆ ಬಸವಂತಪ್ಪ ಹಾಡುತ್ತಿದ್ದ, ಮೈಮರೆತು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಒಮ್ಮೆಯೂ ಹಾಡಿದ್ದಿಲ್ಲ.

ನೀಲಮ್ಮ ಫೋನ್ ಕತ್ತರಿಸಿ ಮತ್ತೆ ಕಂಪನಿಗೆ ಹಚ್ಚಿದಳು. "ತೆಗದುಬಿಡ್ರಿ. ಈಗಿಂದೀಗ."

ಸ್ವಲ್ಪ ಹೊತ್ತಿನಲ್ಲಿ ಪಡಸಾಲೆಯ ಕಂಪ್ಯೂಟರಿನಲ್ಲೂ ಬಸವಂತಪ್ಪ ಮಾತಾಡತೊಡಗಿದ.

"ಒಂದು ಹಾಡು ಹಾಡ್ರಿ," ಎಂದಳು ನೀಲಮ್ಮ.

"ನನಗೆಲ್ಲಿ ಹಾಡಾಕ ಬರ್ತೈತಿ, ನೀಲಾ?"

ಪಡಸಾಲೆಯಿಂದಲೂ ಅಡುಗೆಮನೆಯಿಂದಲೂ ಉತ್ತರ ಒಟ್ಟಿಗೇ ಬಂತು.